ಹಿಟ್ಟಿನ ಕೋಳಿ ಕೂಗಿದ್ದು ಯಾಕೆ?

ಜನ್ನನ ‘ಯಶೋಧರ ಚರಿತೆ’ಯನ್ನು ಕೊನೆಗೂ ಪೂರ್ತಿ ಓದಿ ಮುಗಿಸಿದೆವು. ಸಾರಾಂಶದ ಪುಸ್ತಕ ಹಿಡಿದುಕೊಂಡು ಅಲ್ಲ, ಹಳಗನ್ನಡದಲ್ಲೇ, ಒಂದೊಂದೇ ಪದ್ಯ ಬಿಡಿಸಿಕೊಂಡು, ಜೋರಾಗಿ ಓದಿಕೊಂಡು. ನಾವು ಅಂದರೆ ನಾಲ್ಕು ಜನ. ರಿಟೈರ್ ಆದ ಕನ್ನಡ ಮಾಸ್ತರು, ನಮ್ಮ ಓಣಿಯ ಅಕ್ಕ ಒಬ್ಬರು, ಡಿಗ್ರಿ ಓದುವ ಒಬ್ಬ ಹುಡುಗ, ಮತ್ತೆ ನಾನು. ನಾನು ಕನ್ನಡ ಎಂ.ಎ. ಮಾಡಿದವಳಲ್ಲ. ಬಿ.ಕಾಂ. ಓದಿ, ಕೊಪ್ಪಳದ ಎಪಿಎಂಸಿಯಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಈ ಓದು ಹೇಗೆ ನಡೆಯಿತು, ಅದರೊಳಗಿನ ಒಂದು ಹಿಟ್ಟಿನ ಕೋಳಿ ನನ್ನನ್ನು ಹೇಗೆ ಹಿಡಿದುಕೊಂಡಿತು ಅಂತ ಬರೆಯಬೇಕು ಅನ್ನಿಸಿದೆ. ಹಳಗನ್ನಡ ಅಂದರೆ ದೂರ ನಿಲ್ಲುವವರು ತುಂಬಾ ಜನ ಇದ್ದಾರೆ. ಅವರಲ್ಲಿ ಒಬ್ಬರಾದರೂ ಪುಸ್ತಕ ತೆಗೆದರೆ ನನಗೆ ಖುಷಿ.

ಜನ್ನ ಹೊಯ್ಸಳ ವೀರಬಲ್ಲಾಳನ ಕಾಲದ ಕವಿ. ಈ ಕಾವ್ಯ ಬರೆದದ್ದು 1209ರಲ್ಲಿ. ಕಥೆ ಅವನ ಸ್ವಂತದ್ದಲ್ಲ, ಜೈನರಲ್ಲಿ ಮೊದಲಿಂದ ಇದ್ದದ್ದು. ಸೋಮದೇವಸೂರಿ 959ರಲ್ಲೇ ಇದನ್ನು ಸಂಸ್ಕೃತದಲ್ಲಿ ಗದ್ಯ ಪದ್ಯ ಬೆರೆಸಿ ದೊಡ್ಡ ಚಂಪೂ ಮಾಡಿದ್ದ. ಆಮೇಲೆ ವಾದಿರಾಜ ಚಿಕ್ಕದಾಗಿ ಬರೆದ, ಜನ್ನ ಹೆಚ್ಚಾಗಿ ಅವನ ದಾರಿಯಲ್ಲೇ ನಡೆದ. ಆದರೆ ಜನ್ನನದು ಬಿಗಿ. ಬಹುತೇಕ ಕಂದಪದ್ಯವೇ. ಓದುತ್ತಾ ಓದುತ್ತಾ ಈ ಬಿಗಿ ಯಾಕೆ ಬೇಕಿತ್ತು ಅಂತ ಗೊತ್ತಾಗುತ್ತದೆ.

ನಾವು ಓದಿದ ರೀತಿ ಹೀಗೆ. ಮೊದಲು ಒಬ್ಬರು ಪದ್ಯವನ್ನು ಗಟ್ಟಿಯಾಗಿ ಓದುವುದು, ಅರ್ಥದ ಗೊಡವೆ ಇಲ್ಲ. ಎರಡನೇ ಸಲ ಎಲ್ಲಿ ಉಸಿರು ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಿಂದ ಗೆರೆ ಹಾಕುವುದು. ಆಮೇಲೆ ಸಂಧಿ ಬಿಡಿಸುವುದು. ಕಂದದಲ್ಲಿ ಒಂದು, ಮೂರನೇ ಸಾಲಿಗೆ 12 ಮಾತ್ರೆ, ಎರಡು, ನಾಲ್ಕನೇ ಸಾಲಿಗೆ 20 ಮಾತ್ರೆ. ಒಟ್ಟು 64. ಲೆಕ್ಕ ಬರೆಯುವವಳಲ್ವಾ ನಾನು, ಮಾತ್ರೆ ಎಣಿಸುವ ಕೆಲಸ ನನಗೇ ಬಂತು. ಗಣ ಸರಿಯಾಗಿ ಕೂಡದಿದ್ದರೆ ಪದ ತಪ್ಪು ಬಿಡಿಸಿದ್ದೇವೆ ಅಂತ ಅರ್ಥ, ಮತ್ತೆ ಮೊದಲಿಂದ. ಹುಡುಗ ಫೋನಿನಲ್ಲಿ ನಿಘಂಟು ತೆಗೆಯುತ್ತಿದ್ದ. ಮಾಸ್ತರು ಕೇಳಿದರೆ ಮಾತ್ರ ಬಾಯಿ ಬಿಡುತ್ತಿದ್ದರು. ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆದರೆ ಎಷ್ಟೋ ಹಳೇ ಮಾತು ನಮಗಿಂತ ಮೊದಲು ಅವರಿಗೇ ತಿಳಿಯುತ್ತಿತ್ತು. ‘ಬೆಂತರ’ ಅಂತ ಬಂದಾಗ ನಾವು ನಿಘಂಟು ಹುಡುಕುತ್ತಿದ್ದೆವು. ಅವರು ಸುಮ್ನೆ “ದೆವ್ವ ಅಲ್ರೀ” ಅಂದುಬಿಟ್ಟರು.

ಈಗ ಕಥೆಗೆ ಬರುತ್ತೇನೆ. ಉಜ್ಜಯಿನಿಯ ರಾಜ ಯಶೋಧರ, ಅವನ ರಾಣಿ ಅಮೃತಮತಿ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರಾಣ. ಒಂದು ರಾತ್ರಿ ರಾಣಿಗೆ ಆನೆಲಾಯದ ಕಡೆಯಿಂದ ಹಾಡು ಕೇಳುತ್ತದೆ. ಹಾಡುವವನು ಕಾಣುವುದಿಲ್ಲ, ದನಿ ಮಾತ್ರ. ಆ ದನಿಗೆ ಅವಳು ಸೋತುಹೋಗುತ್ತಾಳೆ. ಬೆಳಗಾದ ಮೇಲೆ ಸಖಿಯನ್ನು ಕಳಿಸುತ್ತಾಳೆ. ಸಖಿ ನೋಡಿ ಬಂದು ಹೇಳುವುದು ಏನು? ಅವನು ಅಷ್ಟಾವಂಕ, ಮಾವತ, ಮೈಯೆಲ್ಲ ಸೊಟ್ಟ, ನೋಡಲಾಗದ ಕುರೂಪಿ. ಅದಕ್ಕೆ ಅಮೃತಮತಿಯ ಉತ್ತರ, “ಒಲವಾದೊಡೆ ರೂಪಿನ ಕೋಟಲೆಯೇವುದೊ”. ಪ್ರೀತಿ ಆಗಿಹೋದ ಮೇಲೆ ರೂಪದ ರಗಳೆ ಯಾಕೆ ಅಂತ.

ಈ ಸಾಲನ್ನು ಓದಿ ಅಕ್ಕ ಪುಸ್ತಕ ಕೆಳಗಿಟ್ಟರು. “ಇಷ್ಟು ಚಂದ ಮಾತು ಆಕಿ ಬಾಯಾಗ ಇಟ್ಟಾನಂದ್ರ, ಕವಿಗೆ ಆಕಿ ಮ್ಯಾಲ ಸಿಟ್ಟಿಲ್ಲ ತಗೋರಿ” ಅಂದರು. ಈ ಮಾತು ಕೊನೆತನಕ ನಮ್ಮ ಜೊತೆ ಬಂತು, ಕೊನೆಗೆ ಅದೇ ದೊಡ್ಡ ಜಗಳವೂ ಆಯಿತು.

ರಾಜನಿಗೆ ಅನುಮಾನ ಬರುತ್ತದೆ. ಒಂದು ರಾತ್ರಿ ಕತ್ತಿ ಹಿಡಿದು ಹಿಂದೆ ಹೋಗುತ್ತಾನೆ. ರಾಣಿ ಬರಲು ತಡ ಆಯಿತು ಅಂತ ಆ ಮಾವತ ಅವಳನ್ನು ಹಿಡಿದು ಹೊಡೆಯುತ್ತಾನೆ. ಅವಳು ಅವನ ಕಾಲಿಗೆ ಬಿದ್ದು, ನೀನಿಲ್ಲದಿದ್ದರೆ ಸಾಯುತ್ತೇನೆ, ಉಳಿದ ಗಂಡಸರೆಲ್ಲ ನನಗೆ ಅಣ್ಣತಮ್ಮಂದಿರು ಅನ್ನುತ್ತಾಳೆ. ಕತ್ತಲಲ್ಲಿ ನಿಂತ ಗಂಡ ಇದನ್ನು ಕೇಳಿಸಿಕೊಳ್ಳುತ್ತಾನೆ. ಕತ್ತಿ ಎತ್ತುತ್ತಾನೆ. ಆಮೇಲೆ, ಶತ್ರುಗಳ ಮೇಲೆ ಎತ್ತಬೇಕಾದ ಕತ್ತಿಯನ್ನು ಇವರ ಮೇಲೆ ಎತ್ತುವುದೇ ಅಂತ ಇಳಿಸಿಬಿಡುತ್ತಾನೆ.

ಮೊದಲ ಓದಿನಲ್ಲಿ ಇಲ್ಲಿ ನಮಗೆಲ್ಲ ರಾಜನ ಮೇಲೆ ಗೌರವ ಬಂತು. ಎಂಥ ಸಂಯಮ ಅಂತ. ಮಾಸ್ತರು ಏನೂ ಹೇಳಲಿಲ್ಲ, “ಇಳಿಸಿದ ಕತ್ತಿ ಎಲ್ಲಿ ಹೋತು ನೋಡ್ಕೋತ ಹೋಗ್ರಿ” ಅಂದರು ಅಷ್ಟೇ.

ಮರುದಿನ ಸರಸದ ನೆಪದಲ್ಲಿ ರಾಜ ನೈದಿಲೆ ಹೂವಿನಿಂದ ಅವಳಿಗೆ ಹೊಡೆಯುತ್ತಾನೆ. ರಾತ್ರಿ ಮಾವತನ ಏಟು ತಿಂದವಳು ಈಗ ಹೂವಿನ ಏಟಿಗೆ ಮೂರ್ಛೆ ಬಿದ್ದಂತೆ ಬೀಳುತ್ತಾಳೆ. ನನಗೆ ಇಡೀ ಕಾವ್ಯದಲ್ಲಿ ಮೈ ಜುಮ್ಮೆನ್ನಿಸಿದ ಜಾಗ ಇದು. ಕತ್ತಿ ಹೂವಾಗಿದೆ, ಆದರೆ ಹೊಡೆತ ನಿಂತಿಲ್ಲ. ಇಬ್ಬರೂ ನಾಟಕ ಆಡುತ್ತಿದ್ದಾರೆ, ಇಬ್ಬರಿಗೂ ಅದು ಗೊತ್ತು. ಪ್ರೀತಿ ಸತ್ತ ಮನೆಯಲ್ಲಿ ಹೀಗೇ ಇರುತ್ತದೆ. ಮಾತು ಮೊದಲಿನಷ್ಟೇ ಮೃದುವಾಗಿರುತ್ತದೆ, ಆದರೆ ಒಂದೊಂದು ಮಾತಿಗೂ ಅಂಚು ಇರುತ್ತದೆ. ನನ್ನ ಮದುವೆ ಮುರಿದು ಕೆಲವು ವರ್ಷ ಆಗಿದೆ, ಹಾಗಾಗಿ ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಅದಾದ ಮೇಲೆ ತಾಯಿ ಚಂದ್ರಮತಿ ಮಗನ ಮುಖ ನೋಡಿ ಏನಾಯಿತು ಅಂತ ಕೇಳುತ್ತಾಳೆ. ಅವನು ಕೆಟ್ಟ ಕನಸು ಬಿತ್ತು ಅನ್ನುತ್ತಾನೆ. ನಿಜ ಹೇಳುವುದಿಲ್ಲ. ಹೇಗೆ ಹೇಳಿಯಾನು? ನಮ್ಮವ್ವ ಕೇಳಿದಾಗಲೆಲ್ಲ ನಾನೂ ತಲೆನೋವು ಅಂತಲೇ ಹೇಳುತ್ತಿದ್ದೆ, ಅವಳು ಅಮೃತಾಂಜನ ತಂದು ಹಚ್ಚುತ್ತಿದ್ದಳು. ತಾಯಂದಿರು ನಾವು ಹೇಳಿದ ಕಾಯಿಲೆಗೇ ಮದ್ದು ಹುಡುಕುತ್ತಾರೆ, ಪಾಪ. ಚಂದ್ರಮತಿಯೂ ಅದನ್ನೇ ಮಾಡಿದಳು. ಕೆಟ್ಟ ಕನಸಿನ ದೋಷ ಹೋಗಬೇಕು, ದೇವಿಗೆ ಬಲಿ ಕೊಡು ಅಂದಳು. ಮಗ ಜೀವಹಿಂಸೆ ಆಗದು ಅಂದ. ಎಳೆದಾಡಿ ಎಳೆದಾಡಿ ಕೊನೆಗೆ ಒಪ್ಪಂದಕ್ಕೆ ಬಂದರು. ಜೀವ ಇರುವ ಕೋಳಿ ಬೇಡ, ಹಿಟ್ಟಿನಲ್ಲಿ ಕೋಳಿ ಮಾಡಿ ಕೊಡೋಣ.

ಇಲ್ಲಿ ನಮ್ಮ ಓದು ನಿಂತುಹೋಯಿತು. ಹಿಟ್ಟಿನ ಕೋಳಿಯಿಂದ ಪಾಪ ಬಂತು ಅನ್ನುವುದನ್ನು ಹುಡುಗ ಒಪ್ಪಲೇ ಇಲ್ಲ. ಅವನಿಗೆ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕದ ಹೆಸರು ಗೊತ್ತಿತ್ತು, ಈ ಕಥೆಯೇ ಅದಕ್ಕೆ ಮೂಲ ಅಂತಲೂ ಗೊತ್ತಿತ್ತು. ಆದರೂ ಅವನ ಪ್ರಶ್ನೆ ನೇರ. “ಅಲ್ರೀ ಸರ್, ದಸರಾಕ್ಕ ಅಂಗಡಿ ಮುಂದ ಬೂದುಗುಂಬಳಕಾಯಿ ಒಡಿತೀವಿ. ಒಳಗ ಕುಂಕುಮ ತುಂಬಿ, ರಕ್ತದಂಗ ಕಾಣ್ಲಿ ಅಂತಾನ ಒಡಿತೀವಿ. ಹಂಗಾದ್ರ ಅದೂ ಪಾಪ ಏನ್ರೀ?”

ಒಳ್ಳೇ ಪ್ರಶ್ನೆ. ನಮ್ಮ ಕಡೆ ಊರಮ್ಮನ ಜಾತ್ರೆ, ಕೋಣ, ಕುರಿ, ಕೋಳಿ ಇದೆಲ್ಲ ಪುಸ್ತಕದ ವಿಷಯ ಅಲ್ಲ. ದೇವಸ್ಥಾನದಲ್ಲಿ ಪ್ರಾಣಿಬಲಿ ಕೂಡದು ಅಂತ ರಾಜ್ಯದಲ್ಲಿ 1959ರಲ್ಲೇ ಕಾನೂನು ಬಂದಿದೆ. ಎಷ್ಟೋ ಕಡೆ ಕುರಿಯ ಜಾಗಕ್ಕೆ ಕುಂಬಳಕಾಯಿ ಬಂದದ್ದನ್ನು ನಾವೇ ನೋಡಿದ್ದೇವೆ. ಒಂದು ಜೀವ ಉಳಿಯಿತು, ಅದು ಒಳ್ಳೆಯದೇ ಅಲ್ವಾ? ಹಾಗಿದ್ದರೆ ಯಶೋಧರ ಮಾಡಿದ್ದೂ ಒಳ್ಳೆಯದೇ ಆಗಬೇಕಿತ್ತು. ಜನ್ನ ಯಾಕೆ ಅವನನ್ನು ಬಿಡಲಿಲ್ಲ?

ಮಾಸ್ತರು ‘ಸಂಕಲ್ಪ ಹಿಂಸೆ’ ಅನ್ನುವ ಜೈನರ ಮಾತು ಹೇಳಿದರು. ಕೈಯಿಂದ ಕೊಲ್ಲದಿದ್ದರೂ ಮನಸ್ಸಿನಲ್ಲಿ ಕೊಂದರೆ ಅದೂ ಹಿಂಸೆಯೇ. ಸರಿ, ಅದು ಧರ್ಮದ ಉತ್ತರ. ನನಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಕಾವ್ಯದ ಒಳಗಿನ ಉತ್ತರ ಬೇರೆ ಇರಬೇಕು ಅನ್ನಿಸುತ್ತಿತ್ತು.

ಅದು ಸಿಕ್ಕಿದ್ದು ಕಿನ್ನಾಳದಲ್ಲಿ. ಕೊಪ್ಪಳದ ಪಕ್ಕದ ಊರು, ಮರದ ಗೊಂಬೆಗೆ ಹೆಸರಾದದ್ದು. ಅಕ್ಕನ ತವರು ಆ ಕಡೆಯೇ, ಒಂದು ಭಾನುವಾರ ಅವರ ಜೊತೆ ನಾನೂ ಹೋದೆ. ಒಬ್ಬ ಚಿತ್ರಗಾರರ ಮನೆಯ ಪಡಸಾಲೆಯಲ್ಲಿ ಕೂತು ನೋಡಿದೆವು. ಹಗುರ ಮರದಲ್ಲಿ ಹಕ್ಕಿಯ ಆಕಾರ ಕೆತ್ತುತ್ತಾರೆ. ಗೋಣಿನಾರು, ಮರದ ಪುಡಿ, ಹುಣಸೆ ಬೀಜದ ಅಂಟು ಕಲಸಿ ಸಂದು ಮುಚ್ಚುತ್ತಾರೆ. ಅಲ್ಲಿಯವರೆಗೆ ಅದು ಬರೀ ಮಣ್ಣು ಬಣ್ಣದ ಗಡ್ಡೆ. ಆಮೇಲೆ ಬಿಳಿ, ಅದರ ಮೇಲೆ ಹಳದಿ, ಹಸಿರು, ರೆಕ್ಕೆಯ ಒಂದೊಂದು ಗರಿಗೂ ಕೂದಲೆಳೆಯಷ್ಟು ತೆಳು ಗೆರೆ. ಆ ಯಜಮಾನರು ಉಸಿರು ಹಿಡಿದು ಗೆರೆ ಎಳೆಯುತ್ತಿದ್ದರು. ಕಣ್ಣು ಮಾತ್ರ ಬರೆದಿರಲಿಲ್ಲ. ಯಾಕ್ರೀ ಅಂತ ಕೇಳಿದರೆ “ಕಣ್ಣು ಕಡೀಕರೀ. ಕಣ್ಣು ಬಂತಂದ್ರ ಅದು ನಮ್ಮನ್ನ ನೋಡಾಕ ಹತ್ತತೈತಿ” ಅಂದರು.

ಮನೆಗೆ ಬಂದು ಆ ಪದ್ಯಗಳನ್ನು ಮತ್ತೆ ತೆಗೆದೆ. ಜನ್ನ ಹೇಳುವುದೂ ಅದನ್ನೇ! ಹಿಟ್ಟಿನ ಕೋಳಿಯನ್ನು ಎಷ್ಟು ಚಂದ ಮಾಡಿ ಬಣ್ಣ ಬರೆದಿದ್ದರು ಅಂದರೆ, ಆ ಚಂದಕ್ಕೆ ಮರುಳಾಗಿ ಒಂದು ಬೆಂತರ ಅದರೊಳಗೆ ಹೊಕ್ಕಿತು. ರಾಜ ಕತ್ತಿ ಬೀಸಿದಾಗ ಹಿಟ್ಟಿನ ತಲೆ ಕೂಗಿಕೊಂಡಿತು. ನೋಡಿ, ಹಿಟ್ಟಿನ ಒಂದು ಉಂಡೆ ಇಟ್ಟು ಇದೇ ಕೋಳಿ ಅಂದಿದ್ದರೆ ಆಗುತ್ತಿತ್ತು. ಆದರೆ ಹಾಗೆ ಮಾಡಲಿಲ್ಲ. ಜೀವ ಇದ್ದಂತೆಯೇ ಕಾಣಬೇಕು ಅಂತ ಬಯಸಿದರು. ಕೊಲ್ಲಬಾರದು, ಆದರೆ ಕೊಂದ ಹಾಗೆ ಅನ್ನಿಸಬೇಕು. ಆ ಬಯಕೆಯ ಒಳಗೇ ಬೆಂತರ ಹೊಕ್ಕದ್ದು.

ಮಾಸ್ತರು ಹೇಳಿದ್ದ ಕತ್ತಿಯ ಲೆಕ್ಕವೂ ಆಗ ತಾಳೆಯಾಯಿತು. ಆನೆಲಾಯದಲ್ಲಿ ಇಳಿಸಿದ ಕತ್ತಿ ದೇವಿಯ ಮುಂದೆ ಬಿದ್ದಿದೆ. ರಾತ್ರಿ ಕತ್ತಿ, ಬೆಳಿಗ್ಗೆ ಹೂವು, ಆಮೇಲೆ ಮತ್ತೆ ಕತ್ತಿ. ಕೊರಳು ಮಾತ್ರ ಬದಲಾಗಿದೆ. ಹೆಂಡತಿಯ ಮೇಲಿನ ಸಿಟ್ಟನ್ನು ಯಶೋಧರ ಯಾರಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ, ತಾಯಿಗೆ ಕನಸಿನ ಸುಳ್ಳು ಹೇಳಿದ. ಆ ಸಿಟ್ಟಿಗೆ ಒಂದು ಕೊರಳು ಬೇಕಿತ್ತು, ಹಿಟ್ಟಿನ ಕೋಳಿ ಸಿಕ್ಕಿತು. ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದೇ. ಕುಂಬಳಕಾಯಿ ಒಡೆಯುವಾಗ ನಿನ್ನ ಮನಸ್ಸಿನಲ್ಲಿ ಯಾರೂ ಇರುವುದಿಲ್ಲ. ಯಶೋಧರನ ಮನಸ್ಸಿನಲ್ಲಿ ಒಬ್ಬಳಿದ್ದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು “ಹಂಗಾದ್ರ ಸರಿ” ಅಂದ. ಮಾಸ್ತರು ತಲೆಯಾಡಿಸಿದರು, ಪೂರ್ತಿ ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ನಡುವೆ ಒಮ್ಮೆ ಪಾಲ್ಕಿಗುಂಡಿಗೆ ಹೋಗಿದ್ದೆವು. ಊರಿನವರಿಗೆ ಗೊತ್ತು, ಎರಡು ಬಂಡೆಯ ಮೇಲೆ ಇನ್ನೊಂದು ಬಂಡೆ ಪಲ್ಲಕ್ಕಿಯ ಹಾಗೆ ಕೂತಿರುವ ಗುಡ್ಡ, ಅದರಡಿ ಅಶೋಕನ ಶಾಸನ. ಗವಿಮಠದ ಹತ್ತಿರ ಇನ್ನೊಂದು ಇದೆ. ಪಾಲ್ಕಿಗುಂಡಿನಲ್ಲೇ ಜಟಾಸಿಂಗನಂದಿ ಅನ್ನುವ ಜೈನ ಆಚಾರ್ಯರ ಪಾದಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ, ಚಾವಯ್ಯ ಮಾಡಿಸಿದ್ದು ಅಂತ ಹಳಗನ್ನಡದಲ್ಲಿ ಬರೆದಿದೆ. ಆಗ ನಮ್ಮೂರು ಕೊಪಣ, ಜೈನರಿಗೆ ದೊಡ್ಡ ತೀರ್ಥ. ರನ್ನ ಅತ್ತಿಮಬ್ಬೆಯನ್ನು ಹೊಗಳುವಾಗ ಅವಳ ನಡತೆ ಕೊಪಣಾಚಲದಷ್ಟು ಪವಿತ್ರ ಅನ್ನುತ್ತಾನೆ. ಇದೇ ಗುಡ್ಡಗಳ ಮೇಲೆ ಎಷ್ಟೋ ಜನ ಊಟ ಬಿಟ್ಟು ಸಲ್ಲೇಖನ ಮಾಡಿ ಪ್ರಾಣ ಬಿಟ್ಟರು. ಯಶೋಧರನ ಕಥೆಯನ್ನು ಅವರೂ ಕೇಳಿರಬಹುದು ಅನ್ನಿಸಿ ಮೈ ನವಿರೆದ್ದಿತು.

ಅಲ್ಲಿ ಕೂತು ಇನ್ನೊಂದು ವಿಚಾರ ಬಂತು. ಕಳಿಂಗದ ಬಗ್ಗೆ ಅಶೋಕ ಪಟ್ಟ ಪಶ್ಚಾತ್ತಾಪ ನಮ್ಮ ಕೊಪ್ಪಳದ ಶಾಸನದಲ್ಲಿ ಇಲ್ಲ, ಅದು 13ನೇ ಬಂಡೆ ಶಾಸನದಲ್ಲಿದೆ. ಅಲ್ಲಿ ಅವನು ಲೆಕ್ಕ ಕೊಡುತ್ತಾನೆ. 1 ಲಕ್ಷ ಜನ ಸತ್ತರು, 1.5 ಲಕ್ಷ ಜನರನ್ನು ಸೆರೆ ಒಯ್ದರು ಅಂತ. ತಪ್ಪಿಗೆ ಸಂಖ್ಯೆ ಇದೆ, ಎಲ್ಲರೂ ಓದಲಿ ಅಂತ ಕಲ್ಲಿನ ಮೇಲಿದೆ. ಯಶೋಧರನ ಬಲಿಯಲ್ಲಿ ಸತ್ತವರು ಎಷ್ಟು? ಸೊನ್ನೆ. ಆದರೂ ಅವನ ಪಾಪ ಜನ್ಮಜನ್ಮಕ್ಕೂ ಬೆನ್ನು ಬಿಡುವುದಿಲ್ಲ. ಹೇಳಿಕೊಂಡ ತಪ್ಪು ಕಲ್ಲಿನ ಮೇಲೆ ನಿಂತುಬಿಡುತ್ತದೆ, ಹೇಳದೇ ಇರುವುದು ಕೂಗುತ್ತಲೇ ಇರುತ್ತದೆ. ನಾನು ಇದನ್ನು ಅಂದಾಗ ಮಾಸ್ತರು, ಅಶೋಕನನ್ನೂ ಜನ್ನನನ್ನೂ ಒಂದೇ ತಕ್ಕಡಿಗೆ ಹಾಕಬೇಡ ಅಂದರು. ಅವರು ಹೇಳುವುದೂ ಸರಿಯೇ, ಒಬ್ಬ ರಾಜ ಬದುಕಿದ್ದವನು, ಇನ್ನೊಬ್ಬ ಕಥೆಯವನು. ಆದರೆ ನನಗೆ ಆ ಹೋಲಿಕೆ ಇನ್ನೂ ಸಹಾಯ ಮಾಡುತ್ತದೆ.

ಬಲಿಯ ನಂತರ ಕಥೆ ಓಡುತ್ತದೆ. ಕೋಳಿ ಕೂಗಿದ್ದು ಕೇಳಿ ರಾಜ ಬೆಚ್ಚಿಬೀಳುತ್ತಾನೆ, ಎಲ್ಲ ಬಿಟ್ಟು ತಪಸ್ಸಿಗೆ ಹೊರಡುತ್ತಾನೆ. ಅಷ್ಟರಲ್ಲಿ ಅಮೃತಮತಿ ಅವನಿಗೂ ಅತ್ತೆಗೂ ವಿಷ ಹಾಕುತ್ತಾಳೆ. ಆಮೇಲೆ ತಾಯಿ ಮಗ ಇಬ್ಬರದೂ ಪ್ರಾಣಿ ಜನ್ಮಗಳು. ಅವನು ನವಿಲು, ಅವಳು ನಾಯಿ. ಮೀನು, ಮೊಸಳೆ, ಆಡು, ಕೋಣ ಹೀಗೆ. ಯಶೋಧರನ ಮಗ ಯಶೋಮತಿ ಅಪ್ಪನ ಶ್ರಾದ್ಧ ಮಾಡುತ್ತಾನೆ, ಆ ಶ್ರಾದ್ಧದ ಅಡುಗೆಗೆ ಕಡಿದ ಪ್ರಾಣಿ ಅಪ್ಪನೇ. ಈ ಭಾಗ ಓದುವುದು ಕಷ್ಟ. ಭಾಷೆ ಕಷ್ಟ ಅಂತ ಅಲ್ಲ, ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಕೊನೆಗೆ ಇಬ್ಬರೂ ಕೋಳಿಗಳಾಗುತ್ತಾರೆ. ಹಿಟ್ಟಿನ ಕೋಳಿಯಿಂದ ಶುರುವಾದದ್ದು ರಕ್ತಮಾಂಸದ ಕೋಳಿಗೆ ಬಂದು ಮುಟ್ಟುತ್ತದೆ. ಒಬ್ಬ ಮುನಿಯ ಮಾತು ಕೇಳಿ ಅವಕ್ಕೆ ಹಳೆಯ ಜನ್ಮಗಳ ನೆನಪು ಬರುತ್ತದೆ, ಸಂತೋಷಕ್ಕೆ ಕೂಗುತ್ತವೆ. ಅದೇ ಹೊತ್ತಿಗೆ ಯಶೋಮತಿ ತನ್ನ ರಾಣಿಗೆ ಶಬ್ದವೇಧಿ ತೋರಿಸಲು, ಕಣ್ಣಿಗೆ ಕಾಣದ ಆ ಕೂಗಿನ ಕಡೆ ಬಾಣ ಬಿಡುತ್ತಾನೆ. ಕೋಳಿಗಳು ಸತ್ತು ಅದೇ ರಾಣಿಯ ಹೊಟ್ಟೆಯಲ್ಲಿ ಅವಳಿಜವಳಿ ಮಕ್ಕಳಾಗಿ ಹುಟ್ಟುತ್ತವೆ.

ಇದನ್ನು ಓದಿದ ದಿನ ನನಗೆ ಕಾವ್ಯ ಮೊದಲಿನಿಂದ ಕೊನೆವರೆಗೆ ಒಂದೇ ದಾರದಲ್ಲಿ ಕಂಡಿತು. ಈ ಕಾವ್ಯದಲ್ಲಿ ಅನಾಹುತವೆಲ್ಲ ಬರುವುದು ಕಿವಿಯಿಂದ. ಅಮೃತಮತಿ ಸೋತದ್ದು ಕಾಣದ ಹಾಡಿಗೆ. ಯಶೋಧರ ಕತ್ತಿ ಎತ್ತಿದ್ದು ಕತ್ತಲಲ್ಲಿ ಕೇಳಿದ ಮಾತಿಗೆ. ಪಾಪ ಗೊತ್ತಾದದ್ದು ಹಿಟ್ಟಿನ ಕೋಳಿಯ ಕೂಗಿನಿಂದ. ಬಿಡುಗಡೆ ಬಂದದ್ದು ಕೋಳಿಗಳ ಕೂಗಿಗೆ ಬಿದ್ದ ಬಾಣದಿಂದ. “ಮನಸಿಜನ ಮಾಯೆ ವಿಧಿವಿಳಸನದ ನೆರಂಬಡೆಯೆ ಕೊಂದು ಕೂಗದೆ ನರರಂ” ಅನ್ನುವ ಜನ್ನನ ಸಾಲು ಎಲ್ಲರಿಗೂ ಬಾಯಿಪಾಠ. ಕಾಮನ ಮಾಯೆಗೆ ವಿಧಿಯ ಆಟವೂ ಜೊತೆ ಸೇರಿದರೆ ಮನುಷ್ಯರನ್ನು ಕೊಂದು ಕೂಗದೇ ಬಿಟ್ಟೀತೆ ಅಂತ. ಬಾಯಿಪಾಠ ಮಾಡಿದಾಗ ಆ ‘ಕೂಗು’ ಇಡೀ ಕಾವ್ಯದಲ್ಲಿ ಓಡಾಡುತ್ತಿದೆ ಅಂತ ಗೊತ್ತಾಗುವುದಿಲ್ಲ. ಗಟ್ಟಿಯಾಗಿ ಓದಿದ್ದರಿಂದಲೇ ಅದು ನಮ್ಮ ಕಿವಿಗೆ ಬಿತ್ತು ಅಂತ ನಾನು ನಂಬಿದ್ದೇನೆ.

ಇನ್ನು ಜಗಳದ ವಿಷಯ. ಯಶೋಧರನಿಗೆ ಅಷ್ಟೊಂದು ಜನ್ಮ ಕೊಟ್ಟ ಜನ್ನ ಕೊನೆಗೆ ಅವನನ್ನು ದಡ ಮುಟ್ಟಿಸುತ್ತಾನೆ. ಅಮೃತಮತಿಗೆ ಕೊಡುವುದು ನರಕ, ಅಷ್ಟೇ. ಅಕ್ಕ ಇದನ್ನು ಕೇಳಿ ಕೆಂಡಾಮಂಡಲ. “ಆಕಿಗೊಂದು ಜನ್ಮನರ ಕೊಡಬಾರದಿತ್ತೇನ್ರೀ? ನೆನಪು ಮಾಡ್ಕೊಳ್ಳಾಕ?” ಅಂದರು. ಎರಡು ಕೊಲೆ ಮಾಡಿದವಳು ಅಂತ ಹುಡುಗ ಲೆಕ್ಕ ಹೇಳಿದ. ಮಾಸ್ತರು, ಇದು ಧರ್ಮ ಹೇಳಲು ಬರೆದ ಕಾವ್ಯ, ಅದರ ಚೌಕಟ್ಟೇ ಹಾಗೆ ಅಂದರು. ನಾನು ಅಕ್ಕನ ಕಡೆ. ವಿಷ ಹಾಕಿದ್ದನ್ನು ಒಪ್ಪುತ್ತೇನೆ ಅಂತ ಅಲ್ಲ. ಪಶ್ಚಾತ್ತಾಪ ಪಡಲು ಒಂದು ಅವಕಾಶ ಬೇಕು, ಒಂದು ಕೋಳಿ ಕೂಗಬೇಕು. ರಾಜನಿಗೆ ಕೂಗಿತು, ಅವಳಿಗೆ ಯಾವುದೂ ಕೂಗಲಿಲ್ಲ. “ಒಲವಾದೊಡೆ” ಅಂತ ಅಷ್ಟು ದೊಡ್ಡ ಮಾತು ಆಡಿಸಿದ ಕವಿ, ಆಮೇಲೆ ಅವಳ ಮನಸ್ಸಿನ ಬಾಗಿಲು ಯಾಕೆ ಹಾಕಿಬಿಟ್ಟ? ಏಟು ತಿಂದ ರಾತ್ರಿ ಅರಮನೆಗೆ ವಾಪಸ್ಸು ಬರುವಾಗ ಅವಳಿಗೆ ಏನನ್ನಿಸಿತು? ಒಂದು ಪದ್ಯವೂ ಇಲ್ಲ.

ಮುಂದಿನ ವಾರದಿಂದ ಅಮೃತಮತಿಯ ಭಾಗ ಮಾತ್ರ ಮತ್ತೆ ಓದುತ್ತಿದ್ದೇವೆ. ಈ ಸಲ ಗಟ್ಟಿಯಾಗಿ ಓದುವವರು ಅಕ್ಕ. ಮಾತ್ರೆ ಎಣಿಸುವ ಕೆಲಸ ಹುಡುಗನಿಗೆ ದಾಟಿಸಿದ್ದೇನೆ, ನಾನು ಬರೀ ಕೇಳಬೇಕು ಅಂತಿದ್ದೇನೆ.